ರೋಗಿ ಬಂದಿದ್ದ: ಕ್ಷಯದ ಬಗ್ಗೆ ವೈದ್ಯರ ವಾದಗಳು ಮತ್ತು ನಮ್ಮ ಹಳ್ಳಿಗಳು ಕೊಟ್ಟ ಉತ್ತರ



ನಮ್ಮ ಜಿಲ್ಲೆಯ ಇತಿಹಾಸವೆಂದರೆ ದೇವನಹಳ್ಳಿಯ ಕೋಟೆ, ಟಿಪ್ಪು ಸುಲ್ತಾನನ ಜನ್ಮಸ್ಥಳ, ಶಿವಗಂಗೆಯ ಬೆಟ್ಟ, ದೊಡ್ಡಬಳ್ಳಾಪುರದ ಮಗ್ಗಗಳು ಎಂದು ನಾವು ಪಾಠ ಹೇಳುತ್ತಿದ್ದೆವು. ಪಠ್ಯಪುಸ್ತಕದಲ್ಲಿ ಇದ್ದುದೂ ಅಷ್ಟೇ. ಆದರೆ ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಇನ್ನೊಂದು ಇತಿಹಾಸ ಈ ಭಾಗದ ಹಳ್ಳಿಗಳಿಗೆ ಇದೆ. ಅದು ಕ್ಷಯರೋಗದ ಇತಿಹಾಸ. ಅದರಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಕೆಮ್ಮುತ್ತಿದ್ದ ಸಾಮಾನ್ಯ ಜನರಿದ್ದಾರೆ, ಅವರ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದವರಿದ್ದಾರೆ, ಮತ್ತು ಒಬ್ಬರೊಡನೊಬ್ಬರು ಭಿನ್ನಾಭಿಪ್ರಾಯ ಹೊಂದಿದ್ದ ವೈದ್ಯರಿದ್ದಾರೆ.

ಈ ವಿಷಯದ ಬಗ್ಗೆ ನಾನು ಕೆಲವು ವರ್ಷಗಳಿಂದ ಮೂವರು ವೈದ್ಯರೊಡನೆ ಆಗಾಗ ಮಾತನಾಡುತ್ತ ಬಂದಿದ್ದೇನೆ. ಒಬ್ಬರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಹಿರಿಯರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಇನ್ನಿಬ್ಬರು ನನ್ನ ಶಿಷ್ಯರೇ. ಒಬ್ಬ ಬೆಂಗಳೂರಿನಲ್ಲಿ ಶ್ವಾಸಕೋಶ ತಜ್ಞ, ಇನ್ನೊಬ್ಬಳು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿ. ಹೆಸರು ಬರೆಯಬಾರದೆಂದು ಮೂವರೂ ಕೇಳಿಕೊಂಡಿದ್ದಾರೆ. ಅವರಿಂದ ಕೇಳಿ ತಿಳಿದದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಔಷಧವಿಲ್ಲದ ಕಾಲ

ಕ್ಷಯ ಎಂಬ ಹೆಸರಿನಲ್ಲೇ ರೋಗದ ವರ್ಣನೆ ಇದೆ. ಕ್ಷೀಣಿಸುವುದು, ಸವೆಯುವುದು. ದಕ್ಷನ ಶಾಪದಿಂದ ಚಂದ್ರನಿಗೆ ಕ್ಷಯ ತಗುಲಿತೆಂಬ ಪುರಾಣದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಶಾಪದ ಮಾತಿಗೆ ಬದಲಾಗಿ ಕಾರಣವನ್ನು ಕಣ್ಣಿಗೆ ತೋರಿಸಿದವರು ಜರ್ಮನಿಯ ವೈದ್ಯ ರಾಬರ್ಟ್ ಕಾಖ್. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಅವರು ಕ್ಷಯದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ಪ್ರಕಟಿಸಿದರು. ಆ ದಿನವನ್ನೇ ಇಂದು ವಿಶ್ವ ಕ್ಷಯರೋಗ ದಿನವಾಗಿ ಆಚರಿಸುತ್ತಾರೆ.

ಅದೇ ಕಾಖ್ 1890ರಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಮದ್ದೆಂದು ಪ್ರಕಟಿಸಿದರು. ರೋಗಿಗಳು ದೇಶದೇಶಗಳಿಂದ ಬರ್ಲಿನ್ನಿಗೆ ಧಾವಿಸಿದರು. ಮದ್ದು ಫಲಿಸಲಿಲ್ಲ, ಕೆಲವರು ಸತ್ತರು. ಮುಂದೆ ಆ ದ್ರವ ಸೋಂಕನ್ನು ಪತ್ತೆ ಮಾಡುವ ಚರ್ಮದ ಪರೀಕ್ಷೆಗೆ ಉಪಯೋಗಕ್ಕೆ ಬಂದಿತು. ರೋಗಾಣುವನ್ನು ಕಂಡುಹಿಡಿದ ಮಹಾಪುರುಷನ ಮಾತೂ ಲೆಕ್ಕದ ಪರೀಕ್ಷೆಯಲ್ಲಿ ಉಳಿಯದೆ ಹೋಗಬಹುದೆಂಬುದು ವೈದ್ಯಲೋಕ ಬಹಳ ಬೆಲೆ ತೆತ್ತು ಕಲಿತ ಪಾಠ.

ಮದ್ದಿಲ್ಲದ ಆ ಕಾಲದಲ್ಲಿ ಇದ್ದ ಭರವಸೆ ಸ್ಯಾನಿಟೋರಿಯಂ ಒಂದೇ. ಒಳ್ಳೆಯ ಗಾಳಿ, ಹಾಸಿಗೆಯ ಮೇಲೆ ವಿಶ್ರಾಂತಿ, ಹಾಲು, ಮೊಟ್ಟೆ, ಮನೆಯವರಿಂದ ದೂರ. ಮೈಸೂರು ಅರಸು ಮನೆತನವನ್ನೂ ಕ್ಷಯ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ತುತ್ತಾದರು. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಅವರ ಹೆಸರಿನಲ್ಲಿ ಕಟ್ಟಿದ್ದು. ಪೂರ್ವಕ್ಕೆ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬಲ್ಲಿ ಮಿಷನ್ ಸಂಸ್ಥೆಗಳ ಸ್ಯಾನಿಟೋರಿಯಂ ಇತ್ತು. ಮದನಪಲ್ಲಿ ನಮ್ಮ ಕೋಲಾರ ಸೀಮೆಯ ಗಡಿಗೆ ಹತ್ತಿರ. ಆದರೆ ಇಂಥ ಸ್ಥಳಗಳಲ್ಲಿ ಹಾಸಿಗೆಗಳು ನೂರರ ಲೆಕ್ಕದಲ್ಲಿದ್ದರೆ ರೋಗಿಗಳು ಲಕ್ಷಗಳ ಲೆಕ್ಕದಲ್ಲಿದ್ದರು.

ಮೊದಲ ವಾದ: ಸ್ಯಾನಿಟೋರಿಯಮ್ಮೋ, ಮನೆಯೋ?

ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. 1948ರಲ್ಲಿ ಬ್ರಿಟನ್ನಿನ ವೈದ್ಯರು ಅದರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಟ್ಟು 107 ರೋಗಿಗಳು. ಯಾರಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತುವ ರೀತಿಯಲ್ಲಿ ನಿರ್ಧರಿಸಿದ್ದರು. ಇಂದಿನ ಎಲ್ಲ ಔಷಧ ಪರೀಕ್ಷೆಗಳಿಗೂ ಅದೇ ಮಾದರಿ. ಔಷಧ ಕೆಲಸ ಮಾಡಿತು. ಆದರೆ ಕೆಲವೇ ತಿಂಗಳಲ್ಲಿ ರೋಗಾಣುಗಳು ಅದಕ್ಕೆ ಬಗ್ಗದಂತಾದವು. ಒಂದೇ ಔಷಧ ಸಾಲದು, ಎರಡು ಮೂರನ್ನು ಒಟ್ಟಿಗೆ ಕೊಡಬೇಕೆಂಬುದು ಅಲ್ಲಿಂದ ಬಂದ ತಿಳಿವಳಿಕೆ. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಸಿಕ್ಕಿತು.

ಮಾತ್ರೆ ಸಿಕ್ಕ ಮೇಲೆ ರೋಗಿಯನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಇಡಬೇಕೇ ಎಂಬ ಪ್ರಶ್ನೆ ಎದ್ದಿತು. ಇಡದಿದ್ದರೆ ಗುಣವಾಗದು, ಮನೆಯ ಮಕ್ಕಳಿಗೂ ಹರಡುವುದು ಎಂದು ಬಹುಮಂದಿ ಹಿರಿಯ ವೈದ್ಯರು ನಂಬಿದ್ದರು. ಈ ಪ್ರಶ್ನೆಯನ್ನು ಪರೀಕ್ಷಿಸಲು 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಬ್ರಿಟನ್ನಿನ ವ್ಯಾಲೇಸ್ ಫಾಕ್ಸ್ ಅದರ ಮುಂದಾಳು. 193 ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿದರು, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಒಂದು ವರ್ಷ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂದಿತು. ಮನೆಯಲ್ಲಿದ್ದ ಬಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮುಂದೆ ಅವರ ಮನೆಯವರನ್ನು ಐದು ವರ್ಷ ಗಮನಿಸಿದಾಗಲೂ ರೋಗ ಹೆಚ್ಚಾಗಿ ಹರಡಿರಲಿಲ್ಲ.

ನಮ್ಮ ಹಿರಿಯ ಡಾಕ್ಟರರು ಹೇಳಿದ ಮಾತಿದು: “ಮೇಷ್ಟ್ರೇ, ನಮಗೆ ಪಾಠ ಹೇಳಿದ ಪ್ರೊಫೆಸರುಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ಜೀವಮಾನವೆಲ್ಲ ವಿಶ್ರಾಂತಿ, ವಿಶ್ರಾಂತಿ ಎಂದು ಬರೆದುಕೊಟ್ಟವರು. ಹೊಸ ಔಷಧವನ್ನು ಒಪ್ಪುವುದು ಸುಲಭ. ಹಳೆಯ ಸಲಹೆ ಬೇಕಾಗಿಲ್ಲ ಎಂದು ಒಪ್ಪುವುದೇ ಕಷ್ಟ.”

ಎರಡನೆಯ ವಾದ: ಬಿ.ಸಿ.ಜಿ. ಲಸಿಕೆ

ನಮ್ಮ ತಲೆಮಾರಿನವರ ತೋಳಿನ ಮೇಲೆ ಬಿ.ಸಿ.ಜಿ.ಯ ಗುರುತು ಇದೆ. ಭಾರತದಲ್ಲಿ ಈ ಲಸಿಕೆ ಮೊದಲು ಬಂದದ್ದು 1948ರಲ್ಲಿ, ಆಗಲೇ ಹೇಳಿದ ಮದನಪಲ್ಲಿಗೆ. 1951ರಿಂದ ಅದು ದೇಶವ್ಯಾಪಿ ಆಂದೋಲನವಾಯಿತು. ಆಗ ಅದನ್ನು ವಿರೋಧಿಸಿ ನಿಂತವರು ಸಾಮಾನ್ಯರಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು. 1955ರಲ್ಲಿ ಅವರು ಬಿ.ಸಿ.ಜಿ.ಯನ್ನು ತಾವು ಏಕೆ ವಿರೋಧಿಸುತ್ತೇವೆಂದು ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಜೀವಂತ ರೋಗಾಣುವನ್ನು ಆರೋಗ್ಯವಂತ ಮಕ್ಕಳ ಮೈಗೆ ಸೇರಿಸುವುದು ಸರಿಯೇ, ಅದರ ಪ್ರಯೋಜನಕ್ಕೆ ಪುರಾವೆ ಎಲ್ಲಿ ಎಂಬುದು ಅವರ ಆಕ್ಷೇಪ. ಆಗಿನ ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರು ಲಸಿಕೆಯ ಪರವಾಗಿ ದೃಢವಾಗಿ ನಿಂತರು.

ಈ ವಾದಕ್ಕೆ ಉತ್ತರ ಸಿಗಲು ಕಾಲು ಶತಮಾನ ಬೇಕಾಯಿತು. ಮದರಾಸಿನ ಬಳಿಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಿಂದ ಲಕ್ಷಗಟ್ಟಲೆ ಜನರಿಗೆ ಲಸಿಕೆ ಇಲ್ಲವೇ ಲಸಿಕೆಯಂತೆ ಕಾಣುವ ಬರಿಯ ದ್ರವ ಚುಚ್ಚಿ, ವರ್ಷಾನುಗಟ್ಟಲೆ ಗಮನಿಸಿದರು. 1979-80ರಲ್ಲಿ ಫಲಿತಾಂಶ ಹೊರಬಂದಾಗ ವೈದ್ಯಲೋಕ ಬೆರಗಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯುವಲ್ಲಿ ಅಲ್ಲಿ ಲಸಿಕೆಯಿಂದ ಪ್ರಯೋಜನ ಕಾಣಲಿಲ್ಲ. ಹಾಗೆಂದು ಲಸಿಕೆ ವ್ಯರ್ಥವೂ ಅಲ್ಲ. ಎಳೆಯ ಮಕ್ಕಳ ಮಿದುಳಿನ ಪೊರೆಗೆ ತಗಲುವ ಕ್ಷಯ, ಮೈಯೆಲ್ಲ ಹರಡುವ ಕ್ಷಯ ಇವುಗಳಿಂದ ಅದು ಕಾಪಾಡುತ್ತದೆ. ಆದುದರಿಂದಲೇ ಇಂದಿಗೂ ಹುಟ್ಟಿದ ಕೂಸಿಗೆ ಬಿ.ಸಿ.ಜಿ. ಹಾಕುತ್ತಾರೆ, ಹಾಕಿಸಲೇಬೇಕು. ಎರಡು ಪಕ್ಷದವರೂ ಹೇಳದಿದ್ದ ಮೂರನೆಯ ಉತ್ತರ ನಿಜವಾಯಿತು.

ಮೂರನೆಯ ವಾದ: ತಪ್ಪು ಯಾರದು?

ಈಗ ನಮ್ಮ ಸೀಮೆಗೆ ಬರೋಣ. ಕ್ಷಯ ಪಟ್ಟಣದ ಕಾಯಿಲೆ, ಕಾರ್ಖಾನೆಯ ಹೊಗೆ ಮತ್ತು ಗಲ್ಲಿಗಳ ಕಾಯಿಲೆ, ಹಳ್ಳಿಯ ಗಾಳಿಯಲ್ಲಿ ಅದು ಇರದು ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. 1955ರಿಂದ 1958ರವರೆಗೆ ದೇಶದ ಹಲವು ಭಾಗಗಳಲ್ಲಿ ನಡೆದ ಸಮೀಕ್ಷೆ ಆ ನಂಬಿಕೆಯನ್ನು ಅಳಿಸಿಹಾಕಿತು. ಹಳ್ಳಿಗಳಲ್ಲೂ ಪಟ್ಟಣದಷ್ಟೇ ಕ್ಷಯವಿತ್ತು. ಜನರಲ್ಲಿ ಬಹುಪಾಲು ಹಳ್ಳಿಯವರೇ ಆದ್ದರಿಂದ ರೋಗಿಗಳಲ್ಲಿಯೂ ಬಹುಪಾಲು ಹಳ್ಳಿಯವರೇ.

ಹೀಗಿರುವಾಗ ಹಳ್ಳಿಗಳಿಗೆ ಹೊಂದುವ ಚಿಕಿತ್ಸಾ ಪದ್ಧತಿಯನ್ನು ರೂಪಿಸಲು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಸ್ಥಾಪಿಸಲಾಯಿತು. 1960ರಲ್ಲಿ ಪಂಡಿತ್ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಬಳ್ಳಾರಿ ರಸ್ತೆಯಲ್ಲಿರುವ ‘ಅವಲಾನ್’ ಎಂಬ ಬಂಗಲೆ ಅದರ ನೆಲೆ. ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ನಮ್ಮವರೆಲ್ಲ ಆ ರಸ್ತೆಯಲ್ಲೇ ಹೋಗುತ್ತಾರೆ, ಆದರೆ ಒಳಗೆ ಏನು ನಡೆಯಿತೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಆರಂಭದ ದಿನಗಳಲ್ಲಿ ಇಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ದೊರೆಯಬೇಕೆಂಬ 1978ರ ಆಲ್ಮಾ ಆಟಾ ಘೋಷಣೆ ಅವರ ಕಾಲದ್ದೇ.

ಆ ದಿನಗಳಲ್ಲಿ ಅಧಿಕಾರಿಗಳ ಬಾಯಲ್ಲಿ ಸದಾ ಒಂದು ಮಾತಿತ್ತು. “ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ. ಕಾಯಿಲೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ಮಂತ್ರ, ತಾಯಿತ ಎಂದು ಅಲೆಯುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ.” ಹಾಗಾದರೆ ಎಕ್ಸ್-ರೇ ಯಂತ್ರದ ವ್ಯಾನುಗಳಲ್ಲಿ ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಬೇಕು, ಅದಕ್ಕೆ ಹಣವೆಲ್ಲಿ ಎಂಬಲ್ಲಿಗೆ ಚರ್ಚೆ ನಿಲ್ಲುತ್ತಿತ್ತು.

ಸಂಸ್ಥೆಯಲ್ಲಿದ್ದ ದೇಬಬ್ರತ ಎಂದಲ್ಲ, ದೇಬಬಾರ್ ಬ್ಯಾನರ್ಜಿ ಎಂಬ ಹೆಸರಿನ ವೈದ್ಯರೂ ಅವರ ಜೊತೆಗಾರ ಸ್ಟಿಗ್ ಆಂಡರ್ಸನ್ ಅವರೂ ಈ ಮಾತನ್ನು ಪರೀಕ್ಷಿಸಲು ಹೊರಟರು. ಬ್ಯಾನರ್ಜಿಯವರು ವೈದ್ಯರಾಗಿದ್ದು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಬಲ್ಲವರು. ಶಿವಗಂಗೆಯ ಬೆಟ್ಟ ದಾಟಿದರೆ ಸಿಗುವ ತುಮಕೂರು ಜಿಲ್ಲೆಯಲ್ಲಿ, ಕ್ಷಯವಿದೆಯೆಂದು ಸಮೀಕ್ಷೆಯಲ್ಲಿ ಕಂಡುಬಂದವರ ಬಳಿಗೆ ಹೋಗಿ, ನಿಮಗೆ ಏನಾಗುತ್ತಿದೆ, ನೀವು ಏನು ಮಾಡಿದಿರಿ ಎಂದು ಕೇಳಲಾಯಿತು. ಬಹುತೇಕ ಎಲ್ಲ ರೋಗಿಗಳಿಗೂ ತಮಗೆ ಕಾಯಿಲೆಯಿದೆ ಎಂಬುದರ ಅರಿವಿತ್ತು. ಹೆಚ್ಚಿನವರು ಆ ಬಗ್ಗೆ ಚಿಂತಿತರಾಗಿದ್ದರು. ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆ ಮೊದಲಾದ ಆಧುನಿಕ ಚಿಕಿತ್ಸಾಲಯಗಳ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರಿಗೆ ದೊರೆತದ್ದು ಕೆಮ್ಮಿನ ಮಿಕ್ಸ್ಚರಿನ ಬಾಟಲಿ. 1963ರಲ್ಲಿ ಈ ವರದಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂದರೆ ರೋಗಿ ಬಂದಿದ್ದ. ಅವನ ಕಫವನ್ನು ಪರೀಕ್ಷಿಸುವವರು ಅಲ್ಲಿ ಇರಲಿಲ್ಲ.

ನಾನು ಇದನ್ನು ಹಿರಿಯ ಡಾಕ್ಟರರ ಮುಂದೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅದು ನಿಜ, ಮೇಷ್ಟ್ರೇ. ಬೆಳಗಿನಿಂದ ಮಧ್ಯಾಹ್ನದೊಳಗೆ ನೂರು ಜನ. ಜನ ಮನೆಯಿಂದ ಖಾಲಿ ಶೀಸೆ ತರುತ್ತಿದ್ದರು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಬಗ್ಗಿಸಿ ಕೊಡುತ್ತಿದ್ದ. ಅದೇ ಬಣ್ಣ, ಅದೇ ರುಚಿ. ಕೆಮ್ಮು ಎಷ್ಟು ದಿನದಿಂದ ಇದೆ ಎಂದು ಕೇಳಲು ಬೇಕಾದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ನಮ್ಮಲ್ಲಿ ಇರಲಿಲ್ಲವೋ, ಕೇಳುವ ಅಭ್ಯಾಸ ಇರಲಿಲ್ಲವೋ.”

ತುಮಕೂರಿನ ಈ ತಿಳಿವಳಿಕೆಯ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ವ್ಯಾನುಗಳಲ್ಲಿ ಊರೂರು ಅಲೆಯುವ ಬದಲು, ತಾವಾಗಿ ಆಸ್ಪತ್ರೆಗೆ ಬರುವ ಕೆಮ್ಮಿನ ರೋಗಿಗಳ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಜನರು ನಂಬಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಮಾತ್ರೆ ಕೊಡುವುದು. ಜಗತ್ತಿನ ಅನೇಕ ಬಡದೇಶಗಳು ಈ ದಾರಿ ಹಿಡಿದವು.

119 ಹಳ್ಳಿಗಳು

ಅದೇ ಸಂಸ್ಥೆಯವರು 1961ರಿಂದ 1968ರವರೆಗೆ ಮತ್ತೊಂದು ದೊಡ್ಡ ಕೆಲಸ ಮಾಡಿದರು. ಆಗಿನ್ನೂ ನಮ್ಮ ಗ್ರಾಮಾಂತರ ಜಿಲ್ಲೆ ಬೇರೆಯಾಗಿರಲಿಲ್ಲ. ಅದು ಬೇರೆಯಾದದ್ದು 1986ರಲ್ಲಿ. ಆ ಅವಿಭಜಿತ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ 119 ಹಳ್ಳಿಗಳನ್ನು ಆಯ್ದುಕೊಂಡು, ಅವುಗಳ ಜನರನ್ನು ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಬಾರಿ ಪರೀಕ್ಷಿಸಿದರು. ಮನೆಮನೆಯ ಪಟ್ಟಿ, ತೋಳಿನ ಮೇಲೆ ಟ್ಯೂಬರ್ಕ್ಯುಲಿನ್ ಪರೀಕ್ಷೆ, ಎಕ್ಸ್-ರೇ, ಕಫ. ಊರಿನವರು ಹೊಲದ ಕೆಲಸ ಬಿಟ್ಟು ಸಾಲಿನಲ್ಲಿ ನಿಂತರು. ಮುಂದಿನ ಸಲವೂ ನಿಂತರು.

ಇದರ ವರದಿ 1974ರಲ್ಲಿ ಪ್ರಕಟವಾಯಿತು. ಆ ಹಳ್ಳಿಗಳಲ್ಲಿ ಆಗ ಸಂಘಟಿತವಾದ ಕ್ಷಯ ಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡುಬಂದವರು ಐದು ವರ್ಷಗಳ ಬಳಿಕ ಏನಾದರು? ನೂರಕ್ಕೆ ಸುಮಾರು 49 ಮಂದಿ ಸತ್ತಿದ್ದರು. ಸುಮಾರು ಮೂರನೇ ಒಂದು ಭಾಗದವರ ಕಫದಲ್ಲಿ ರೋಗಾಣು ಇಲ್ಲವಾಗಿತ್ತು. ಉಳಿದವರು, ನೂರಕ್ಕೆ ಸುಮಾರು 18 ಮಂದಿ, ಬದುಕಿದ್ದು ಇನ್ನೂ ರೋಗಾಣುವನ್ನು ಹೊರಹಾಕುತ್ತಲೇ ಇದ್ದರು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಬೇಕಾದ ವಿದ್ಯಾರ್ಥಿ, ಅವನು ಯಾವ ದೇಶದವನೇ ಇರಲಿ, ಇಂದಿಗೂ ಈ ಅಂಕಿಗಳನ್ನು ಓದುತ್ತಾನೆ. ಅವು ನಮ್ಮ ಸೀಮೆಯ ಅಜ್ಜ ಅಜ್ಜಿಯರ, ಚಿಕ್ಕಪ್ಪ ದೊಡ್ಡಪ್ಪಂದಿರ ಅಂಕಿಗಳು.

ಇಲ್ಲಿ ನನ್ನ ಇಬ್ಬರು ಶಿಷ್ಯರ ನಡುವೆ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿತು. ತಾಲ್ಲೂಕು ಆಸ್ಪತ್ರೆಯ ವೈದ್ಯೆ ಕೇಳಿದಳು: “ಸಾರ್, ರೋಗವಿದೆ ಎಂದು ಗೊತ್ತಾದ ಮೇಲೆ ಅವರಿಗೆ ಪೂರ್ತಿ ಚಿಕಿತ್ಸೆ ದೊರಕುವ ವ್ಯವಸ್ಥೆ ಇಲ್ಲದೆ ಎಣಿಸಿಕೊಂಡು ಹೋಗುವುದು ಹೇಗೆ ಸರಿ? ಇಂದು ಯಾವ ನೈತಿಕ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ.” ಬೆಂಗಳೂರಿನ ತಜ್ಞನ ಉತ್ತರ ಬೇರೆ: “ಆಗ ಇಡೀ ದೇಶದಲ್ಲೇ ಅಂಥ ವ್ಯವಸ್ಥೆ ಇರಲಿಲ್ಲ. ಎಷ್ಟು ಜನ ಸಾಯುತ್ತಾರೆಂದು ತೋರಿಸದೆ ಸರ್ಕಾರದಿಂದ ಹಣ ಹೊರಡುತ್ತಿರಲಿಲ್ಲ. ಲೆಕ್ಕವೇ ಇಲ್ಲದ ಕಡೆ ಸಾವೂ ಕಾಣುವುದಿಲ್ಲ.”

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ನನ್ನ ಮನಸ್ಸು ಹುಡುಗಿಯ ಕಡೆಗೇ ವಾಲುತ್ತದೆ. ಆ ಲೆಕ್ಕದಿಂದ ಜಗತ್ತಿಗೆ ಆದ ಉಪಕಾರ ದೊಡ್ಡದು, ನಿಜ. ಆ ಉಪಕಾರವನ್ನು ಪಡೆದವರಿಗೆ ಒಂದು ಋಣವೂ ಅಂಟಿಕೊಂಡಿತು. ಎಣಿಸಿದ ಮೇಲೆ ಚಿಕಿತ್ಸೆ ಕೊಡಬೇಕಾದ ಋಣ ಅದು. 2008ರಿಂದ 2010ರವರೆಗೆ ನೆಲಮಂಗಲ ತಾಲ್ಲೂಕಿನಲ್ಲಿ ಅದೇ ಸಂಸ್ಥೆಯವರು ಮತ್ತೆ ಕ್ಷಯದ ಸಮೀಕ್ಷೆ ನಡೆಸಿದರು. ಆ ಹೊತ್ತಿಗೆ ಉಚಿತ ಚಿಕಿತ್ಸೆಯ ವ್ಯವಸ್ಥೆ ದೇಶದ ಎಲ್ಲ ಜಿಲ್ಲೆಗಳಿಗೂ ಬಂದಿತ್ತು. ಅರ್ಧ ಶತಮಾನದಲ್ಲಿ ಆದ ಬದಲಾವಣೆ ಸಣ್ಣದಲ್ಲ.

ನಾಲ್ಕನೆಯ ವಾದ: ಅರ್ಧಕ್ಕೆ ನಿಂತ ಮಾತ್ರೆ

119 ಹಳ್ಳಿಗಳ ಅಂಕಿಯಲ್ಲಿ ಆ ಕೊನೆಯ 18 ಮಂದಿಯನ್ನು ಗಮನಿಸಿರಿ ಎಂದು ತಜ್ಞನಾದ ಶಿಷ್ಯ ನನಗೆ ವಿವರಿಸಿದ. ಅರೆಬರೆ ಚಿಕಿತ್ಸೆ ಸಾವನ್ನು ತಡೆಯುತ್ತದೆ, ಆದರೆ ರೋಗವನ್ನು ಪೂರ್ತಿ ಕಳೆಯುವುದಿಲ್ಲ. ಆಗ ಸಾಯಬೇಕಾದವನು ಬದುಕಿ ವರ್ಷಗಟ್ಟಲೆ ಇತರರಿಗೆ ಹರಡುತ್ತಾನೆ, ಅವನ ಮೈಯಲ್ಲಿರುವ ರೋಗಾಣು ಔಷಧಕ್ಕೆ ಬಗ್ಗದಂತೆ ಕಲಿಯುತ್ತದೆ. ಕೆಟ್ಟ ಚಿಕಿತ್ಸಾ ಕಾರ್ಯಕ್ರಮ ಒಮ್ಮೊಮ್ಮೆ ಊರಿಗೆ ಹೊಸ ಅಪಾಯ ತರಬಲ್ಲದು ಎಂಬ ಈ ಕಹಿಸತ್ಯವನ್ನು ನಾನು ಅವನಿಂದಲೇ ಮೊದಲು ಕೇಳಿದ್ದು.

ನಮ್ಮಲ್ಲಿ ಆದದ್ದೂ ಬಹುಮಟ್ಟಿಗೆ ಹಾಗೆಯೇ. 1962ರ ಕಾರ್ಯಕ್ರಮ ಕಾಗದದ ಮೇಲೆ ಸುಂದರವಾಗಿತ್ತು. ಒಂದೂವರೆ ವರ್ಷದವರೆಗೆ ಮಾತ್ರೆ, ನಡುವೆ ಔಷಧದ ಅಭಾವ, ಆಸ್ಪತ್ರೆಗೆ ಹೋಗಿ ಬರಲು ಒಂದು ದಿನದ ಕೂಲಿ ನಷ್ಟ. ಎರಡು ತಿಂಗಳಲ್ಲಿ ಕೆಮ್ಮು ನಿಂತರೆ ರೋಗಿಯೂ ನಿಲ್ಲಿಸುತ್ತಿದ್ದ. 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆ ಪೂರ್ಣಗೊಳಿಸುವವರು ತೀರ ಕಡಿಮೆಯೆಂದು ಕಂಡುಬಂದಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿಯೆಂದು ಘೋಷಿಸಿತು. 1997ರಿಂದ ಪರಿಷ್ಕೃತ ಕಾರ್ಯಕ್ರಮ ಬಂದು 2006ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಒಬ್ಬೊಬ್ಬ ರೋಗಿಗೂ ಆರು ತಿಂಗಳ ಪೂರ್ತಿ ಔಷಧದ ಒಂದು ಪೆಟ್ಟಿಗೆ, ಕಣ್ಣೆದುರೇ ಮಾತ್ರೆ ನುಂಗಿಸುವ ಕ್ರಮ. ಅನೇಕ ಊರುಗಳಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಈ ಕೆಲಸವನ್ನು ಹೊತ್ತರು. ಅವರ ಬಗ್ಗೆ ಇತಿಹಾಸ ಬರೆಯುವವರು ಇನ್ನೂ ಬರಬೇಕಾಗಿದೆ.

ಅಲ್ಲಿಯೂ ವಾದ ನಿಲ್ಲಲಿಲ್ಲ. ವಾರಕ್ಕೆ ಮೂರು ದಿನ ಮಾತ್ರೆ ಸಾಕೆಂದು ಕಾರ್ಯಕ್ರಮ ಹೇಳಿದರೆ, ಪ್ರತಿದಿನ ಕೊಡಬೇಕೆಂದು ಅನೇಕ ವೈದ್ಯರು ಹೇಳಿದರು. ಕಡೆಗೆ ಅದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2017ರಲ್ಲಿ ದೇಶವೆಲ್ಲ ಪ್ರತಿದಿನದ ಮಾತ್ರೆಗೆ ಬದಲಾಯಿತು. ಖಾಸಗಿ ಪ್ರಯೋಗಾಲಯಗಳಲ್ಲಿ ರಕ್ತ ಪರೀಕ್ಷೆಯಿಂದಲೇ ಕ್ಷಯವನ್ನು ಹೇಳುತ್ತೇವೆಂಬ ವ್ಯಾಪಾರ ಜೋರಾಗಿ ನಡೆದಿತ್ತು. ಆ ಪರೀಕ್ಷೆಗಳನ್ನು ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು, 2012ರಲ್ಲಿ ನಮ್ಮ ಸರ್ಕಾರ ಅವನ್ನು ನಿಷೇಧಿಸಿತು. ಈಗ ಯಂತ್ರವೊಂದು ಎರಡು ಗಂಟೆಗಳಲ್ಲಿ ಕಫದಲ್ಲಿ ರೋಗಾಣು ಇದೆಯೇ, ಅದು ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆಯೇ ಎಂಬುದನ್ನು ಒಟ್ಟಿಗೆ ತಿಳಿಸುತ್ತದೆ.

ಔಷಧಕ್ಕೆ ಬಗ್ಗದ ಕ್ಷಯಕ್ಕೆ ಹಿಂದೆ ಕೊಡುತ್ತಿದ್ದ ಚುಚ್ಚುಮದ್ದುಗಳಿಂದ ಹಲವರ ಕಿವಿಯೇ ಹೋಗುತ್ತಿತ್ತು. ಬೆಡಾಕ್ವಿಲಿನ್ ಎಂಬ ಹೊಸ ಮಾತ್ರೆ 2016ರಲ್ಲಿ ನಮ್ಮ ದೇಶದ ಕಾರ್ಯಕ್ರಮಕ್ಕೆ ಬಂದಿತು. ಅದರ ಪೇಟೆಂಟನ್ನು ಇನ್ನೂ ಕೆಲವು ವರ್ಷ ಮುಂದುವರಿಸಲು ಕಂಪನಿ ಹಾಕಿದ್ದ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿಯಲ್ಲಿ ಪ್ರಶ್ನಿಸಿದವರಲ್ಲಿ ಇಬ್ಬರು ಮಹಿಳೆಯರಿದ್ದರು. ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕದವರು. ಇಬ್ಬರೂ ಕ್ಷಯದಿಂದ ಗುಣವಾದವರು, ಇಬ್ಬರೂ ಔಷಧದಿಂದಲೇ ಶ್ರವಣಶಕ್ತಿ ಕಳೆದುಕೊಂಡವರು. 2023ರ ಮಾರ್ಚಿಯಲ್ಲಿ ಕಂಪನಿಯ ಅರ್ಜಿ ತಿರಸ್ಕೃತವಾಯಿತು. ತುಮಕೂರಿನ ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದ. ಅರವತ್ತು ವರ್ಷಗಳ ಮೇಲೆ ರೋಗಿಗಳು ಪೇಟೆಂಟ್ ಕಚೇರಿಯ ಬಾಗಿಲಿಗೂ ಬಂದರು. ಈ ಸಲ ಅವರ ಮಾತನ್ನು ಕೇಳಲಾಯಿತು.

ಐದನೆಯ ವಾದ: ಅನ್ನವೂ ಔಷಧವೇ?

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮದು. ಆದರೆ ಮದರಾಸಿನ ಪ್ರಯೋಗದ ಬಳಿಕ, ಸರಿಯಾದ ಮಾತ್ರೆ ಸಿಕ್ಕರೆ ಸಾಧಾರಣ ಊಟದಲ್ಲೂ ರೋಗ ಗುಣವಾಗುತ್ತದೆ ಎಂದಾದಾಗ ಆಹಾರದ ಮಾತು ಹಿಂದೆ ಸರಿಯಿತು. ಗುಣವಾಗುವುದು ಬೇರೆ, ರೋಗ ಬಾರದಿರುವುದು ಬೇರೆ ಎಂಬ ಸೂಕ್ಷ್ಮ ಮರೆತುಹೋಯಿತು.

ಆ ಸೂಕ್ಷ್ಮವನ್ನು ಮತ್ತೆ ಮುಂದಕ್ಕೆ ತಂದವರಲ್ಲಿ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಪ್ರಮುಖರು. ಅವರು ಮತ್ತು ಸಂಗಡಿಗರು ಜಾರ್ಖಂಡ್ ರಾಜ್ಯದಲ್ಲಿ 2,800 ಕ್ಷಯರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನೂ ಒಳಗೊಂಡ ಪ್ರಯೋಗ ನಡೆಸಿದರು. ರೋಗಿಗಳೆಲ್ಲರಿಗೂ ಆಹಾರ ಕೊಟ್ಟರು. ಮನೆಯವರಲ್ಲಿ ಒಂದು ಗುಂಪಿಗೆ ತಿಂಗಳು ತಿಂಗಳೂ ಅಕ್ಕಿ ಬೇಳೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಕ್ಕಿ ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಕಫ ಪರೀಕ್ಷೆಯಿಂದ ದೃಢಪಟ್ಟ ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕ ಹಿಡಿದರೆ ಇಳಿಕೆ ನೂರಕ್ಕೆ 48. ಸರ್ಕಾರ 2018ರಿಂದ ಪ್ರತಿ ರೋಗಿಗೆ ತಿಂಗಳಿಗೆ 500 ರೂಪಾಯಿ ಪೌಷ್ಟಿಕ ಸಹಾಯಧನ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ.

ಈ ಫಲಿತಾಂಶವನ್ನು ತಿಳಿಸಿದಾಗ ಹಿರಿಯ ಡಾಕ್ಟರರು ನಕ್ಕುಬಿಟ್ಟರು. “ನೋಡಿದಿರಾ ಮೇಷ್ಟ್ರೇ, ಹಾಲು ಮೊಟ್ಟೆ ಬರೆದುಕೊಟ್ಟ ನಮ್ಮ ಪ್ರೊಫೆಸರುಗಳು ಪೂರ್ತಿ ಸೋತಿರಲಿಲ್ಲ!”

ಇಂದು ನಮ್ಮ ಮುಂದಿರುವುದು

2025ರೊಳಗೆ ಕ್ಷಯವನ್ನು ಕೊನೆಗಾಣಿಸುವುದಾಗಿ ನಮ್ಮ ದೇಶ 2018ರಲ್ಲಿ ಘೋಷಿಸಿತ್ತು. ಆ ಗುರಿ ಮುಟ್ಟಲಾಗಲಿಲ್ಲ. ಆದರೆ 2015ರಲ್ಲಿ ಲಕ್ಷ ಜನರಲ್ಲಿ ವರ್ಷಕ್ಕೆ 237 ಹೊಸ ರೋಗಿಗಳಿದ್ದುದು 2024ರಲ್ಲಿ 187ಕ್ಕೆ ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಇಂದಿಗೂ ಭಾರತೀಯರು.

“ನಮ್ಮಲ್ಲಿ ಈಗ ಯಾರು ಬರುತ್ತಾರಮ್ಮಾ?” ಎಂದು ತಾಲ್ಲೂಕು ಆಸ್ಪತ್ರೆಯ ಶಿಷ್ಯೆಯನ್ನು ಕೇಳಿದೆ. “ಎಲ್ಲರೂ ಬರುತ್ತಾರೆ ಸಾರ್. ಕಲ್ಲುಕ್ವಾರಿಯ ಧೂಳು ಕುಡಿದವರು, ಸಕ್ಕರೆ ಕಾಯಿಲೆಯ ಹಿರಿಯರು, ಕಟ್ಟಡದ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರು. ಆ ಹುಡುಗರದೇ ಕಷ್ಟ. ಎರಡು ತಿಂಗಳು ಮಾತ್ರೆ ನುಂಗುವಷ್ಟರಲ್ಲಿ ಕಂಟ್ರಾಕ್ಟರ್ ಇನ್ನೊಂದು ಊರಿಗೆ ಕರೆದೊಯ್ದಿರುತ್ತಾನೆ. ಫೋನ್ ನಂಬರ್ ಬದಲಾಗಿರುತ್ತದೆ. ಅವನು ತಪ್ಪಿಸಿಕೊಂಡ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯುವಾಗಲೆಲ್ಲ ತಪ್ಪಿಸಿಕೊಂಡವನು ಅವನೋ ನಾವೋ ಎನಿಸುತ್ತದೆ.”

ಐವತ್ತು ಅರವತ್ತು ವರ್ಷಗಳ ಈ ವಾದಗಳನ್ನೆಲ್ಲ ನೋಡಿದಾಗ ಇತಿಹಾಸದ ಮೇಷ್ಟ್ರಾದ ನನಗೆ ತೋರುವುದು ಇಷ್ಟು. ವೈದ್ಯರು ಪರಸ್ಪರ ವಾದಿಸುವುದು ಕೆಟ್ಟದ್ದಲ್ಲ. ದೊಡ್ಡ ಹೆಸರು, ದೊಡ್ಡ ಪದವಿ ಯಾವುದೂ ಆ ವಾದಗಳನ್ನು ತೀರ್ಮಾನಿಸಲಿಲ್ಲ. ತಾಳ್ಮೆಯಿಂದ ಎಣಿಸಿದ ಲೆಕ್ಕ ತೀರ್ಮಾನಿಸಿತು. ಹಾಗೆ ಎಣಿಸಿದಾಗಲೆಲ್ಲ ಹಳ್ಳಿಯ ರೋಗಿಯ ಮೇಲೆ ಹೊರಿಸಿದ್ದ ಅಪವಾದ ಸುಳ್ಳಾಯಿತು. ಮನೆಯಲ್ಲಿಟ್ಟರೆ ಗುಣವಾಗನು ಎಂದರು, ಗುಣವಾದ. ಆಸ್ಪತ್ರೆಗೆ ಬರನು ಎಂದರು, ಬಂದಿದ್ದ.

ಆದುದರಿಂದ ನನ್ನ ಶಿಷ್ಯರಲ್ಲಿ ವೈದ್ಯರೂ, ದಾದಿಯರೂ, ಔಷಧದ ಅಂಗಡಿ ಇಟ್ಟವರೂ ಆದ ನಿಮ್ಮಲ್ಲಿ ಒಂದು ವಿನಂತಿ. ಕೆಮ್ಮೆಂದು ಬಂದವರನ್ನು ಎಷ್ಟು ದಿನದಿಂದ ಎಂದು ಕೇಳಿರಿ. ಎರಡು ವಾರ ಮೀರಿದ್ದರೆ ಬಾಟಲಿ ಕೊಟ್ಟು ಕಳುಹಿಸದೆ ಕಫ ಪರೀಕ್ಷೆಗೆ ಕಳುಹಿಸಿರಿ. ಉಳಿದ ಬಂಧುಗಳಲ್ಲಿಯೂ ವಿನಂತಿ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಮುಚ್ಚಿಡಬೇಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಆರಂಭಿಸಿದ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿರಿ. ಕ್ಷಯ ಬಂದ ಮನೆಯ ಹೆಣ್ಣುಮಗಳ ಸಂಬಂಧ ಮುರಿಯುವ ನೀಚ ಪದ್ಧತಿಯನ್ನಂತೂ ನಮ್ಮ ತಲೆಮಾರಿನೊಂದಿಗೇ ಮುಗಿಸಿಬಿಡೋಣ.

ಆ 119 ಹಳ್ಳಿಗಳ ಸಾಲಿನಲ್ಲಿ ನಿಮ್ಮ ಮನೆಯ ಹಿರಿಯರೂ ನಿಂತಿದ್ದಿರಬಹುದು. ಎಕ್ಸ್-ರೇ ವ್ಯಾನು ಊರಿಗೆ ಬಂದ ನೆನಪು ಯಾರಿಗಾದರೂ ಇದ್ದರೆ ಅವರಿಂದ ಕೇಳಿ ನನಗೆ ಬರೆದು ತಿಳಿಸಿರಿ. ವರದಿಯಲ್ಲಿ ಅವರ ಸಂಖ್ಯೆ ಮಾತ್ರ ಉಳಿದಿದೆ. ಅವರು ಹೇಳುವ ಮಾತುಗಳನ್ನಾದರೂ ನಾವು ಬರೆದಿಟ್ಟುಕೊಳ್ಳೋಣ.